ಬೂಟು, ಬಿಸ್ಕತ್ತು, ಒಣಹುಲ್ಲು: ಜನರಲ್ ಮೆಗ್ಸ್ ಅವರ ಯುದ್ಧ



ಅಮೆರಿಕದ ಅಂತರ್ಯುದ್ಧ ಎಂದ ಕೂಡಲೇ ನಮಗೆ ನೆನಪಾಗುವ ಹೆಸರುಗಳು ಮೂರೇ ಮೂರು. ಅಧ್ಯಕ್ಷ ಅಬ್ರಹಾಂ ಲಿಂಕನ್, ಉತ್ತರದ ಸೇನಾಪತಿ ಗ್ರಾಂಟ್, ದಕ್ಷಿಣದ ಸೇನಾಪತಿ ಲೀ. ಶಾಲೆಯಲ್ಲಿ ನಾವು ಓದಿದ್ದೂ ಇಷ್ಟೇ: 1861ರಿಂದ 1865ರವರೆಗೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ನಡೆಯಿತು, ಉತ್ತರ ಗೆದ್ದಿತು, ಗುಲಾಮಗಿರಿ ಕೊನೆಯಾಯಿತು. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು.

ಆದರೆ ಆ ನಾಲ್ಕು ವರ್ಷ ಲಕ್ಷಾಂತರ ಸೈನಿಕರಿಗೆ ಬೂಟು ಕೊಟ್ಟವರು ಯಾರು? ಚಳಿಗೆ ಕಂಬಳಿ, ಮಳೆಗೆ ಡೇರೆ, ಕುದುರೆಗೆ ಹುಲ್ಲು ಎಲ್ಲಿಂದ ಬಂತು? ಸತ್ತವರನ್ನು ಹೂಳಿದವರು ಯಾರು? ಚರ್ಚಿನ ಹಬ್ಬದ ದಿನ ವೇದಿಕೆಯ ಮೇಲಿರುವವರು ಎಲ್ಲರಿಗೂ ಕಾಣುತ್ತಾರೆ. ಎಷ್ಟು ಎಲೆ ಊಟ, ಎಷ್ಟು ಕುರ್ಚಿ, ನೀರಿನ ಡ್ರಮ್ ತುಂಬಿಸುವವರು ಯಾರು ಎಂದು ಹಿಂದಿನ ರಾತ್ರಿಯೇ ಲೆಕ್ಕ ಹಾಕಿದವರು ಅಡುಗೆ ಚಪ್ಪರದ ಹಿಂದೆ ಇರುತ್ತಾರೆ. ಸೈನ್ಯದಲ್ಲೂ ಹಾಗೆಯೇ. ಉತ್ತರದ ಸೈನ್ಯದ ಆ ಚಪ್ಪರದ ಹಿಂದೆ ಇದ್ದವರು ಕ್ವಾರ್ಟರ್‌ಮಾಸ್ಟರ್ ಜನರಲ್ ಮಾಂಟ್‌ಗೊಮರಿ ಮೆಗ್ಸ್. ಈ ಬಾರಿ ಅವರ ಕಥೆ. ಮೆಚ್ಚಬೇಕಾದದ್ದು ಇದರಲ್ಲಿ ತುಂಬ ಇದೆ, ನೋವಾಗುವುದೂ ಇದೆ.

ಎಂಜಿನಿಯರ್ ಆಗಿದ್ದ ಕಾಲ

ಮೆಗ್ಸ್ ಹುಟ್ಟಿದ್ದು 1816ರ ಮೇ 3ರಂದು, ದಕ್ಷಿಣದ ಜಾರ್ಜಿಯಾ ರಾಜ್ಯದ ಅಗಸ್ಟಾ ಊರಿನಲ್ಲಿ. ತಂದೆ ವೈದ್ಯರು. ಮಗು ಚಿಕ್ಕದಿರುವಾಗಲೇ ಕುಟುಂಬ ಉತ್ತರದ ಫಿಲಡೆಲ್ಫಿಯಾಕ್ಕೆ ಬಂತು. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಿಂದ 1836ರಲ್ಲಿ, ತರಗತಿಗೆ ಐದನೆಯವರಾಗಿ ಹೊರಬಂದು ಸೇನೆಯ ಎಂಜಿನಿಯರ್ ಆದರು. ಮರುವರ್ಷ ಸೇಂಟ್ ಲೂಯಿಸ್ ಹತ್ತಿರ ಮಿಸಿಸಿಪ್ಪಿ ನದಿಯ ಸರ್ವೆ ಕೆಲಸಕ್ಕೆ ಅವರನ್ನು ಕಳಿಸಿದರು. ಅಲ್ಲಿ ಅವರ ಮೇಲಧಿಕಾರಿ ಬೇರೆ ಯಾರೂ ಅಲ್ಲ, ರಾಬರ್ಟ್ ಇ. ಲೀ. ಮುಂದೆ ದಕ್ಷಿಣದ ಸೇನಾಪತಿಯಾದ ಅದೇ ಲೀ. ಇಬ್ಬರೂ ಜೊತೆಯಲ್ಲಿ ನದಿಯನ್ನು ಅಳೆದರು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

1853ರಿಂದ ಮೆಗ್ಸ್ ಅವರಿಗೆ ರಾಜಧಾನಿ ವಾಷಿಂಗ್ಟನ್‌ನಲ್ಲಿ ಎರಡು ದೊಡ್ಡ ಕೆಲಸ ಬಂದವು. ಒಂದು, ಸಂಸತ್ ಭವನ ಕ್ಯಾಪಿಟಲ್‌ನ ವಿಸ್ತರಣೆ. ಇನ್ನೊಂದು, ಪೊಟೊಮ್ಯಾಕ್ ನದಿಯಿಂದ ನಗರಕ್ಕೆ ಕುಡಿಯುವ ನೀರು ತರುವ ಕಾಲುವೆ. ಆ ನೀರನ್ನು ಒಂದು ಕಣಿವೆ ದಾಟಿಸಲು ಅವರು ಕಟ್ಟಿಸಿದ ಕ್ಯಾಬಿನ್ ಜಾನ್ ಸೇತುವೆ 220 ಅಡಿ ಅಗಲದ ಒಂದೇ ಕಮಾನು. ಸುಮಾರು 40 ವರ್ಷ ಅದೇ ಜಗತ್ತಿನ ಅತಿ ಉದ್ದದ ಕಲ್ಲಿನ ಕಮಾನು ಆಗಿತ್ತು. ಇಂದಿಗೂ ಅದರ ಮೇಲೆ ವಾಹನ ಓಡುತ್ತವೆ.

ಇಷ್ಟು ದುಡ್ಡಿನ ಕೆಲಸ ಇದ್ದಲ್ಲಿ ಕಾಂಟ್ರ್ಯಾಕ್ಟಿಗೆ ಕೈ ಚಾಚುವವರು ಇಲ್ಲದಿರುತ್ತಾರೆಯೇ? ಆಗಿನ ಯುದ್ಧ ಮಂತ್ರಿ ಜಾನ್ ಫ್ಲಾಯ್ಡ್ ತನಗೆ ಬೇಕಾದವರಿಗೆ ಕೆಲಸ ಕೊಡಿಸಲು ನೋಡಿದರು. ಕ್ಯಾಪ್ಟನ್ ಹುದ್ದೆಯ ಮೆಗ್ಸ್ ಮಂತ್ರಿಯ ಮಾತಿಗೆ ಒಪ್ಪಲಿಲ್ಲ. ಜಗಳ ಬೆಳೆಯಿತು. 1860ರಲ್ಲಿ ಫ್ಲಾಯ್ಡ್ ಅವರನ್ನು ಫ್ಲೋರಿಡಾದ ತುದಿಯಾಚೆ ಸಮುದ್ರದ ನಡುವೆ ಇರುವ ಡ್ರೈ ಟಾರ್ಟುಗಾಸ್ ದ್ವೀಪದ ಕೋಟೆಗೆ ಎತ್ತಂಗಡಿ ಮಾಡಿದರು. ಆ ವರ್ಷದ ಕೊನೆಗೆ ಫ್ಲಾಯ್ಡ್ ರಾಜೀನಾಮೆ ಕೊಟ್ಟು ಹೋದರು, ಮುಂದೆ ದಕ್ಷಿಣದ ಸೈನ್ಯ ಸೇರಿದರು. ಮೆಗ್ಸ್ 1861ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ಗೆ ಮರಳಿದರು.

ಚಿಂದಿ ಬಟ್ಟೆಯ ಸಮವಸ್ತ್ರ

ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಸೈನ್ಯವೇ ಎರಡಾಗಿ ಒಡೆಯಿತು. ಸರಬರಾಜು ವಿಭಾಗದ ಮುಖ್ಯಸ್ಥರಾಗಿದ್ದ ಜೋಸೆಫ್ ಜಾನ್‌ಸ್ಟನ್ ರಾಜೀನಾಮೆ ಕೊಟ್ಟು ದಕ್ಷಿಣಕ್ಕೆ ಹೋದರು. ಲೀ ಕೂಡ ಹೋದರು. ಮೆಗ್ಸ್ ದಕ್ಷಿಣದಲ್ಲಿ ಹುಟ್ಟಿದವರು, ಅವರ ತಮ್ಮ ಹೆನ್ರಿ ಆ ಕಡೆಯೇ ಉಳಿದರು. ಆದರೂ ಮೆಗ್ಸ್ ಅವರಿಗೆ ಅನುಮಾನವೇ ಇರಲಿಲ್ಲ: ದೇಶಕ್ಕೆ ಕೊಟ್ಟ ಮಾತು ಮಾತೇ. ಮೇ 15ರಂದು, 45ನೇ ವಯಸ್ಸಿನಲ್ಲಿ, ಅವರು ಕ್ವಾರ್ಟರ್‌ಮಾಸ್ಟರ್ ಜನರಲ್ ಆದರು.

ಆ ಹುದ್ದೆಯ ಕೆಲಸ ಏನು? ಬಂದೂಕು, ಮದ್ದುಗುಂಡು ಬೇರೆ ವಿಭಾಗದ್ದು. ಆಹಾರ ಕೊಳ್ಳುವುದೂ ಬೇರೆ ವಿಭಾಗದ್ದು. ಉಳಿದದ್ದೆಲ್ಲ ಇವರದು: ಬಟ್ಟೆ, ಬೂಟು, ಕಂಬಳಿ, ಡೇರೆ, ಕುದುರೆ, ಹೇಸರಗತ್ತೆ, ಬಂಡಿ, ಮೇವು, ಸೌದೆ, ಹಡಗು, ರೈಲು, ಕೊನೆಗೆ ಸಮಾಧಿ. ಬೇರೆಯವರು ಕೊಂಡ ಆಹಾರವನ್ನೂ ಗುಂಡನ್ನೂ ಸೈನಿಕನ ಕೈಗೆ ಮುಟ್ಟಿಸುವುದೂ ಇವರೇ.

ಯುದ್ಧಕ್ಕೆ ಮೊದಲು ಇಡೀ ಅಮೆರಿಕದ ಸೈನ್ಯ ಸುಮಾರು 16 ಸಾವಿರ ಜನ. ಜುಲೈ ಹೊತ್ತಿಗೆ ಸಂಸತ್ತು 5 ಲಕ್ಷ ಜನರನ್ನು ಸೇರಿಸಲು ಅನುಮತಿ ಕೊಟ್ಟಿತು. 16 ಸಾವಿರ ಜನಕ್ಕೆ ಹೊಲಿಯುತ್ತಿದ್ದ ಇಲಾಖೆ ಕೆಲವೇ ತಿಂಗಳಲ್ಲಿ 5 ಲಕ್ಷ ಜನಕ್ಕೆ ಹೊಲಿಸಬೇಕಾಯಿತು. ಇಂಥ ಹೊತ್ತಿಗೆ ಕಾಯುತ್ತಿದ್ದವರು ಬಂದೇ ಬಂದರು. ಹಳೆಯ ಉಣ್ಣೆಯ ಚಿಂದಿಯನ್ನು ಹಿಂಜಿ, ಒತ್ತಿ ಮಾಡಿದ ‘ಶಾಡಿ’ ಎಂಬ ಬಟ್ಟೆಯಿಂದ ಸಮವಸ್ತ್ರ ಹೊಲಿದು ಮಾರಿದರು. ಒಂದು ಜೋರು ಮಳೆಗೆ ಅದು ಮೈಮೇಲೆಯೇ ಬಿಚ್ಚಿಹೋಗುತ್ತಿತ್ತು. ಕಳಪೆ ವಸ್ತುವಿಗೆ ಇಂಗ್ಲಿಷಿನಲ್ಲಿ ಇಂದಿಗೂ ಆ ಶಬ್ದವನ್ನೇ ಬಳಸುತ್ತಾರೆ. ಬೂಟಿನ ಅಟ್ಟೆ ಕೆಲವೇ ದಿನದಲ್ಲಿ ಕಿತ್ತುಬರುತ್ತಿತ್ತು.

ಮೆಗ್ಸ್ ಎರಡು ದಾರಿ ಹಿಡಿದರು. ತುರ್ತಿಗೆ ಯುರೋಪಿನಿಂದ ಬಟ್ಟೆ ತರಿಸಿದರು. ಸ್ವದೇಶಿ ಗಿರಣಿಯವರು ತಕರಾರು ಎತ್ತಿದಾಗ, ಪ್ಯಾಂಟ್ ಇಲ್ಲದೆ ಒಳ ಉಡುಪಿನಲ್ಲೇ ಕಾವಲು ನಿಂತ ಸೈನಿಕರಿದ್ದಾರೆ ಎಂದು ನೆನಪಿಸಿದರು. ಮುಂದಿನ ದಿನಗಳಿಗೆ ಕ್ರಮ ಕಟ್ಟಿದರು. ಬೇಕಾದದ್ದನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಟೆಂಡರ್ ಕರೆಯುವುದು, ಮಾದರಿಗೆ ಹೋಲಿಸಿ ಸರಕು ಪರೀಕ್ಷಿಸುವುದು, ಪಾಸಾಗದ್ದನ್ನು ಹಿಂದೆ ಕಳಿಸುವುದು, ಪ್ರತಿ ಪೈಸೆಗೂ ರಸೀದಿ. 1863ರಲ್ಲಿ ಸರ್ಕಾರಕ್ಕೆ ಸುಳ್ಳು ಬಿಲ್ಲು ಕೊಡುವವರ ವಿರುದ್ಧ ಸಂಸತ್ತು ಒಂದು ಕಾನೂನನ್ನೇ ತಂದಿತು. ತಿದ್ದುಪಡಿಗಳೊಂದಿಗೆ ಅದು ಇಂದಿಗೂ ಜಾರಿಯಲ್ಲಿದೆ.

ಈ ಬಟ್ಟೆ ಹೊಲಿದವರು ಬಹುಪಾಲು ಹೆಂಗಸರು. ಫಿಲಡೆಲ್ಫಿಯಾದ ಸರ್ಕಾರಿ ಡಿಪೋದಲ್ಲಿ ಕತ್ತರಿಸಿಟ್ಟ ಬಟ್ಟೆಯನ್ನು ಮನೆಗೆ ಒಯ್ದು ಹೊಲಿದು ತರುತ್ತಿದ್ದರು. ಅವರಲ್ಲಿ ಸೈನಿಕರ ವಿಧವೆಯರೂ ತಾಯಂದಿರೂ ಇದ್ದರು. ಸರ್ಕಾರ ನೇರ ಕೊಡುತ್ತಿದ್ದ ಕೂಲಿಗಿಂತ ಕಾಂಟ್ರ್ಯಾಕ್ಟರುಗಳು ಕೊಡುತ್ತಿದ್ದ ಕೂಲಿ ತುಂಬ ಕಡಿಮೆ. ಫಿಲಡೆಲ್ಫಿಯಾ ಮತ್ತು ಸಿನ್ಸಿನಾಟಿಯ ಹೆಂಗಸರು ಈ ಅನ್ಯಾಯದ ಬಗ್ಗೆ ಲಿಂಕನ್ ಅವರಿಗೇ ಅರ್ಜಿ ಹಾಕಿದರು. ಅಗ್ಗದ ಟೆಂಡರ್ ಸರ್ಕಾರದ ಹಣ ಉಳಿಸುತ್ತದೆ, ಸರಿ. ಆ ಉಳಿತಾಯ ಯಾರ ಹೊಟ್ಟೆಯಿಂದ ಬಂತು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಒಂದು ಸಣ್ಣ ಲೆಕ್ಕ

ನಾನು ವಿಜ್ಞಾನ ಓದಿದವನು. ಅಂಕಿ ನೋಡಿದರೆ ಗುಣಿಸದೆ ಇರಲಾಗುವುದಿಲ್ಲ. ಉತ್ತರದ ಸೈನ್ಯದಲ್ಲಿ ಒಂದು ಕುದುರೆಗೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು ಎಂದು ನಿಗದಿಯಾಗಿತ್ತು. ಹೇಸರಗತ್ತೆಗೆ ಕಾಳು 9 ಪೌಂಡ್. ಸರಾಸರಿ ಒಂದು ಪ್ರಾಣಿಗೆ 11 ಕಿಲೋ ಎನ್ನಿ. 1864ರ ಮೇ ತಿಂಗಳಲ್ಲಿ ಗ್ರಾಂಟ್ ವರ್ಜೀನಿಯಾದೊಳಗೆ ಹೊರಟಾಗ ಆ ಒಂದು ಸೈನ್ಯದಲ್ಲೇ 50 ಸಾವಿರಕ್ಕೂ ಹೆಚ್ಚು ಕುದುರೆ, ಹೇಸರಗತ್ತೆಗಳಿದ್ದವು. ಗುಣಿಸಿದರೆ ದಿನಕ್ಕೆ 550 ಟನ್ ಮೇವು! ಈಗಿನ 10 ಟನ್ ಲಾರಿಯಲ್ಲಾದರೆ ದಿನಾ 55 ಲಾರಿ. ಇದು ಪ್ರಾಣಿಗಳಿಗೆ ಮಾತ್ರ, ಮನುಷ್ಯರ ಲೆಕ್ಕ ಇನ್ನೂ ಶುರುವಾಗಿಲ್ಲ.

ಬಂಡಿ ಎಳೆಯುವ ಪ್ರಾಣಿ ತಾನು ಎಳೆಯುವ ಸರಕಿನಲ್ಲೇ ತನ್ನ ಪಾಲನ್ನೂ ತಿನ್ನುತ್ತದೆ. ದಾರಿ ಉದ್ದವಾದಷ್ಟೂ ಸೈನಿಕನಿಗೆ ಉಳಿಯುವುದು ಕಡಿಮೆ. ಆದ್ದರಿಂದ ಮೆಗ್ಸ್ ಮತ್ತು ಅವರ ಕೈಕೆಳಗಿನ ಅಧಿಕಾರಿಗಳು ಸಾಧ್ಯವಾದಷ್ಟು ದೂರ ಹಡಗು ಮತ್ತು ರೈಲನ್ನೇ ನಂಬಿದರು, ಬಂಡಿಯ ದಾರಿಯನ್ನು ಚಿಕ್ಕದು ಮಾಡಿದರು. ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಚಟ್ಟನೂಗ ತೋರಿಸಿತು.

ಚಟ್ಟನೂಗದ ಹಸಿವು

1863ರ ಸೆಪ್ಟೆಂಬರ್‌ನಲ್ಲಿ ಚಿಕಮಾಗ ಎಂಬಲ್ಲಿ ಸೋತ ಉತ್ತರದ ಒಂದು ಸೈನ್ಯ, ಟೆನೆಸೀ ನದಿಯ ದಡದ ಚಟ್ಟನೂಗ ಊರಿನೊಳಗೆ ಸಿಕ್ಕಿಬಿತ್ತು. ಸುತ್ತಲಿನ ಬೆಟ್ಟಗಳ ಮೇಲೆ ಶತ್ರು. ರೈಲು, ನದಿ ಎರಡೂ ಬಂದ್. ಉಳಿದದ್ದು ಬೆಟ್ಟ ಹತ್ತಿ ಇಳಿಯುವ ಸುಮಾರು 60 ಮೈಲಿಯ ಕೆಸರು ದಾರಿ ಒಂದೇ. ಆ ದಾರಿಯಲ್ಲಿ ಹೇಸರಗತ್ತೆಗಳು ಹೊಟ್ಟೆಗಿಲ್ಲದೆ ಸಾಲಾಗಿ ಸತ್ತುಬಿದ್ದವು. ಮುತ್ತಿಗೆ ಮುಗಿಯುವಷ್ಟರಲ್ಲಿ ಸತ್ತ ಪ್ರಾಣಿಗಳು ಸುಮಾರು 10 ಸಾವಿರ. ಸೈನಿಕರ ಪಡಿತರ ಅರ್ಧವಾಯಿತು, ಮತ್ತೆ ಕಾಲು ಭಾಗವಾಯಿತು. ಕುದುರೆಯ ಮುಂದಿನ ಕಾಳನ್ನು ಸೈನಿಕರೇ ಕದ್ದು ತಿನ್ನದಂತೆ ಕಾವಲು ಹಾಕಬೇಕಾಯಿತು.

ಸರಬರಾಜಿನ ಮುಖ್ಯಸ್ಥ ವಾಷಿಂಗ್ಟನ್‌ನಲ್ಲಿ ಕುಳಿತು ತಂತಿ ಕಳಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಮೆಗ್ಸ್ ಸ್ವತಃ ಚಟ್ಟನೂಗಕ್ಕೆ ಬಂದರು. ಇತ್ತ ಯುದ್ಧ ಇಲಾಖೆ ವರ್ಜೀನಿಯಾದಿಂದ 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಸುಮಾರು 1,900 ಕಿಲೋಮೀಟರ್ ದೂರ ರೈಲಿನಲ್ಲಿ ಎರಡು ವಾರದೊಳಗೆ ಸಾಗಿಸಿತು. ಹತ್ತಿರದ ಬ್ರಿಜ್‌ಪೋರ್ಟ್‌ನಲ್ಲಿ ನದಿಯ ದಡದ ಮೇಲೆಯೇ ಒಂದು ಚಿಕ್ಕ ಉಗಿದೋಣಿ ಕಟ್ಟಿದರು. ಅಕ್ಟೋಬರ್ 27ರಂದು ಬೆಳಗಾಗುವ ಮೊದಲು ಸೈನಿಕರು ದೋಣಿಯಲ್ಲಿ ಸದ್ದಿಲ್ಲದೆ ತೇಲಿಹೋಗಿ ಕೆಳಗಿನ ಕಡವನ್ನು ಹಿಡಿದರು. ನಾಲ್ಕು ದಿನದೊಳಗೆ ಲೆ ಡಕ್ ಎಂಬ ಸರಬರಾಜು ಅಧಿಕಾರಿ ಆ ಹೊಸ ದೋಣಿಯಲ್ಲಿ ದೊಡ್ಡ ದೋಣಿಗಳನ್ನು ಕಟ್ಟಿ ಎಳೆದುಕೊಂಡು 40 ಸಾವಿರ ಪಡಿತರ ತಂದು ಮುಟ್ಟಿಸಿದರು. ಆಗ ಊರಿನ ಉಗ್ರಾಣದಲ್ಲಿ ಉಳಿದಿದ್ದದ್ದು ನಾಲ್ಕು ಪೆಟ್ಟಿಗೆ ಗಟ್ಟಿ ಬಿಸ್ಕತ್ತು. ಸೈನಿಕರು ಆ ದಾರಿಗೆ ‘ಬಿಸ್ಕತ್ತಿನ ದಾರಿ’ ಎಂದೇ ಹೆಸರಿಟ್ಟರು.

ನವೆಂಬರ್ 25ರಂದು ಅದೇ ಸೈನಿಕರು ಎದುರಿನ ಮಿಷನರಿ ರಿಡ್ಜ್ ಎಂಬ ಬೆಟ್ಟವನ್ನು ಹತ್ತಿ ಶತ್ರುವನ್ನು ಓಡಿಸಿದರು. ಮೆಗ್ಸ್ ಅದನ್ನು ಕಣ್ಣಾರೆ ನೋಡಿ ಯುದ್ಧ ಮಂತ್ರಿ ಸ್ಟ್ಯಾಂಟನ್‌ಗೆ ವರದಿ ಬರೆದರು, ಪತ್ರಿಕೆಗಳು ಅದನ್ನು ಅಚ್ಚುಹಾಕಿದವು. ಇತಿಹಾಸದ ಪುಸ್ತಕಗಳಲ್ಲಿ ಬೆಟ್ಟ ಹತ್ತಿದ್ದು ಪುಟಗಟ್ಟಲೆ ಇರುತ್ತದೆ. ತಿಂಗಳ ಹಿಂದೆ ಅವರ ಹೊಟ್ಟೆಗೆ ಬಿದ್ದ ಬಿಸ್ಕತ್ತು ಒಂದು ಸಾಲಿನಲ್ಲಿ ಮುಗಿಯುತ್ತದೆ.

ಮುಂದಿನ ವರ್ಷ ಜನರಲ್ ಶೆರ್ಮನ್ ಸರಬರಾಜಿನ ದಾರಿಯನ್ನೇ ಬಿಟ್ಟು, ಸಿಕ್ಕಿದ್ದನ್ನು ತಿನ್ನುತ್ತ ಜಾರ್ಜಿಯಾದ ಮೂಲಕ ಸಮುದ್ರದ ಕಡೆಗೆ ನಡೆದರು. ವಾರಗಟ್ಟಲೆ ಸುದ್ದಿಯೇ ಇಲ್ಲ. ಡಿಸೆಂಬರ್‌ನಲ್ಲಿ ಅವರು ಸವಾನಾ ಊರಿನ ಹತ್ತಿರ ಕಡಲಿಗೆ ಬಂದು ತಲುಪುವ ಹೊತ್ತಿಗೆ ಮೆಗ್ಸ್ ಕಳಿಸಿದ ಹಡಗುಗಳು ಬಟ್ಟೆ, ಬೂಟುಗಳೊಂದಿಗೆ ಆ ಕರಾವಳಿಯಲ್ಲಿ ಕಾಯುತ್ತಿದ್ದವು. ಕೇಳಿದ ಮೇಲೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಇದು ಕೇಳುವ ಮೊದಲೇ ಯೋಚಿಸಿದವರ ಕೆಲಸ.

ಎದುರು ಪಕ್ಷದ ಉಗ್ರಾಣ

ದಕ್ಷಿಣದಲ್ಲಿ ಜೋಳ ಬೆಳೆಯುತ್ತಿತ್ತು, ಹತ್ತಿ ರಾಶಿ ಬಿದ್ದಿತ್ತು. ಆದರೆ ರೈಲು ಹಳಿ ಸವೆದಿತ್ತು, ಎಂಜಿನ್ ಕೆಟ್ಟರೆ ರಿಪೇರಿ ಇಲ್ಲ, ನಾಣ್ಯಕ್ಕೆ ಬೆಲೆ ಇಲ್ಲ. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿ ಹತ್ತಿ ಹೊರಗೆ ಹೋಗದಂತೆ ಮಾಡಿತು. ಇದರ ಬಿಸಿ ನಮ್ಮ ಕಡೆಗೂ ತಟ್ಟಿತ್ತು: ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಮುಗಿಬಿದ್ದು ಧಾರವಾಡದ ಹತ್ತಿಗೆ ಒಮ್ಮೆಲೇ ಬೆಲೆ ಏರಿತು, ಯುದ್ಧ ಮುಗಿದಾಗ ಅಷ್ಟೇ ಬೇಗ ಇಳಿಯಿತು. ದಕ್ಷಿಣದ ರಾಜಧಾನಿ ರಿಚ್‌ಮಂಡ್‌ನಲ್ಲಿ 1863ರ ಏಪ್ರಿಲ್ 2ರಂದು ಹಸಿದ ಹೆಂಗಸರು ಬೀದಿಗಿಳಿದು ಅಂಗಡಿ ಒಡೆದರು.

1865ರ ಏಪ್ರಿಲ್‌ನಲ್ಲಿ ಲೀ ತಮ್ಮ ಸೈನ್ಯದೊಂದಿಗೆ ಹಿಮ್ಮೆಟ್ಟುತ್ತ ಅಮೀಲಿಯಾ ಎಂಬ ಊರಿಗೆ ಬಂದರು. ಅಲ್ಲಿ ಪಡಿತರ ಕಾಯುತ್ತಿರುತ್ತದೆ ಎಂದು ನಂಬಿದ್ದರು. ಅಲ್ಲಿ ಊಟಕ್ಕೆ ಏನೂ ಇರಲಿಲ್ಲ. ಹಳ್ಳಿಗಳಲ್ಲಿ ಆಹಾರ ಹುಡುಕುವುದರಲ್ಲಿ ಒಂದು ದಿನ ಕಳೆಯಿತು, ಅಷ್ಟರಲ್ಲಿ ಗ್ರಾಂಟ್ ದಾರಿ ಕಟ್ಟಿದರು. ಏಪ್ರಿಲ್ 9ರಂದು ಅಪೊಮ್ಯಾಟಾಕ್ಸ್‌ನಲ್ಲಿ ಲೀ ಶರಣಾದರು. ತನ್ನ ಜನ ಹಸಿದಿದ್ದಾರೆ ಎಂದು ಅವರು ಹೇಳಿದಾಗ ಗ್ರಾಂಟ್ 25 ಸಾವಿರ ಪಡಿತರ ಕಳಿಸಲು ಆಜ್ಞೆ ಮಾಡಿದರು. ನಾಲ್ಕು ವರ್ಷದ ಶತ್ರುಗಳು ಆ ಸಂಜೆ ಒಂದೇ ಉಗ್ರಾಣದ ಅನ್ನ ತಿಂದರು.

ಮಗನ ಸಾವು, ಲೀ ಅವರ ಮನೆಯಂಗಳ

ಮೆಗ್ಸ್ ಅವರ ಮನಸ್ಸು ಮಾತ್ರ ಆ ಸಂಜೆಯ ಹಾಗೆ ಇರಲಿಲ್ಲ. ಅವರ ಹಿರಿಯ ಮಗ ಜಾನ್ 1863ರಲ್ಲಿ ವೆಸ್ಟ್ ಪಾಯಿಂಟ್‌ನಿಂದ ತರಗತಿಗೇ ಮೊದಲಿಗನಾಗಿ ಹೊರಬಂದ ಎಂಜಿನಿಯರ್. 1864ರ ಅಕ್ಟೋಬರ್ 3ರಂದು ವರ್ಜೀನಿಯಾದ ಡೇಟನ್ ಊರಿನ ಹತ್ತಿರ ಮಳೆಯ ಸಂಜೆಯಲ್ಲಿ ಮೂವರು ಶತ್ರು ಸವಾರರು ಎದುರಾದರು, ಜಾನ್ ಗುಂಡಿಗೆ ಬಲಿಯಾದ. ವಯಸ್ಸು 22. ಇದು ಹೋರಾಟದಲ್ಲಿ ಆದ ಸಾವು ಎಂದು ದಕ್ಷಿಣದವರು ಹೇಳಿದರು. ಕೊಲೆ ಎಂದು ಉತ್ತರದವರು ನಂಬಿದರು. ಜನರಲ್ ಶೆರಿಡನ್ ಸುತ್ತಲಿನ ಮನೆಗಳನ್ನು ಸುಡಲು ಹೇಳಿದರು. ಡೇಟನ್ ಊರು ಉಳಿಯಿತು, ಹೊರಗಿನ ಹಲವು ಮನೆಗಳು ಸುಟ್ಟವು. ತಂದೆ, ಕೊಂದವನನ್ನು ಹಿಡಿದುಕೊಟ್ಟವರಿಗೆ 1,000 ಡಾಲರ್ ಬಹುಮಾನ ಘೋಷಿಸಿದರು. ಮಗ ಕೊಲೆಯಾದ ಎಂಬ ನಂಬಿಕೆಯನ್ನು ಸಾಯುವವರೆಗೂ ಬಿಡಲಿಲ್ಲ.

ಆ ವರ್ಷದ ಆರಂಭದಲ್ಲೇ ಇನ್ನೊಂದು ವಿಷಯ ನಡೆದಿತ್ತು. ವಾಷಿಂಗ್ಟನ್ ಎದುರಿನ ಗುಡ್ಡದ ಮೇಲೆ ಆರ್ಲಿಂಗ್ಟನ್ ಎಂಬ ದೊಡ್ಡ ಮನೆ, ಲೀ ಅವರ ಪತ್ನಿಗೆ ತವರಿನಿಂದ ಬಂದದ್ದು. ಅದರ ತೆರಿಗೆ 92 ಡಾಲರ್ ಚಿಲ್ಲರೆ. ಮಾಲಿಕರೇ ಬಂದು ಕಟ್ಟಬೇಕು ಎಂಬ ನೆಪದಲ್ಲಿ, ಸಂಬಂಧಿಕನ ಕೈಯಲ್ಲಿ ಕಳಿಸಿದ ಹಣವನ್ನು ತೆಗೆದುಕೊಳ್ಳದೆ, ಸರ್ಕಾರ ಆಸ್ತಿಯನ್ನು ಹರಾಜಿನಲ್ಲಿ ತಾನೇ ಕೊಂಡಿತು. ರಾಜಧಾನಿಯ ಸ್ಮಶಾನಗಳು ತುಂಬಿದ್ದವು, ಹೂಳುವುದು ಮೆಗ್ಸ್ ಅವರ ಇಲಾಖೆಯ ಕೆಲಸ. ಅವರು ಆರ್ಲಿಂಗ್ಟನ್ ಹೆಸರು ಸೂಚಿಸಿದರು. 1864ರ ಜೂನ್ 15ರಂದು ಅದು ಅಧಿಕೃತ ಸ್ಮಶಾನವಾಯಿತು.

ಜಾಗ ಬೇಕಿತ್ತು ಎಂಬುದು ನಿಜ. ಆದರೆ 1,100 ಎಕರೆಯ ಆ ಆಸ್ತಿಯಲ್ಲಿ ಸಮಾಧಿಗಳು ಮನೆಯ ಗೋಡೆಗೇ ಒತ್ತಿ ಬರಬೇಕೆಂದು ಮೆಗ್ಸ್ ಹಟ ಹಿಡಿದರು. ಅಧಿಕಾರಿಗಳ ಸಮಾಧಿಗಳನ್ನು ಲೀ ಅವರ ಪತ್ನಿಯ ಗುಲಾಬಿ ತೋಟದ ಅಂಚಿಗೆ ಹಾಕಿಸಿದರು. ಯುದ್ಧ ಮುಗಿದ ಮೇಲೆ, 1866ರಲ್ಲಿ, ರಣರಂಗಗಳಿಂದ ಆಯ್ದು ತಂದ 2,111 ಗುರುತು ಸಿಗದ ಸೈನಿಕರ ಎಲುಬುಗಳನ್ನು ಅದೇ ತೋಟದ ಹತ್ತಿರ ಒಂದೇ ಗುಂಡಿಯಲ್ಲಿ ಇರಿಸಿ ಮೇಲೆ ಕಲ್ಲು ನಿಲ್ಲಿಸಿದರು. ಒಂದು ಕಾಲದಲ್ಲಿ ಜೊತೆಯಲ್ಲಿ ನದಿ ಅಳೆದ ಲೀ ಆ ಮನೆಗೆ ಎಂದೂ ಮರಳಬಾರದು, ಇದೇ ಉದ್ದೇಶ. ಲೀ ಮರಳಲೂ ಇಲ್ಲ. ಅವರು ತೀರಿಕೊಂಡ ಮೇಲೆ, 1882ರಲ್ಲಿ, ಸರ್ಕಾರ ಆಸ್ತಿ ತೆಗೆದುಕೊಂಡದ್ದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷ ಲೀ ಅವರ ಮಗನಿಗೆ 1,50,000 ಡಾಲರ್ ಕೊಟ್ಟು ಸರ್ಕಾರ ಅದನ್ನು ಕ್ರಮವಾಗಿ ಕೊಂಡಿತು.

ಈ ಭಾಗ ಓದುವಾಗ ನನಗೆ ಕಷ್ಟವಾಯಿತು. ಕಾಂಟ್ರ್ಯಾಕ್ಟರನಿಂದ ಒಂದು ಪೈಸೆ ಮುಟ್ಟದ ಕೈ ಅದು. ಯುದ್ಧದಲ್ಲಿ ಅವರ ಇಲಾಖೆ ಖರ್ಚು ಮಾಡಿದ್ದು ಸುಮಾರು 150 ಕೋಟಿ ಡಾಲರ್. ಅಷ್ಟು ಹಣ ಕೈಯ ಮೇಲೆ ಹರಿದರೂ ಅದಕ್ಕೆ ಕಲೆ ಹತ್ತಲಿಲ್ಲ. ಅದೇ ಕೈ ಸತ್ತವರ ಸಮಾಧಿಯನ್ನು ಸೇಡಿನ ಬೇಲಿಯಾಗಿ ನೆಟ್ಟಿತು. ಪ್ರಾಮಾಣಿಕತೆ ಇದ್ದಲ್ಲಿ ಕ್ಷಮೆ ತಾನಾಗಿಯೇ ಬರುತ್ತದೆ ಎಂದು ನಾವು ಅಂದುಕೊಂಡಿದ್ದರೆ, ಈ ಜೀವನ ಹಾಗೆ ಹೇಳುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕಲಿಯಬೇಕು. ಹಾಗೆಂದು ಮಗನನ್ನು ಕಳೆದುಕೊಂಡ ತಂದೆಯನ್ನು ಸುಮ್ಮನೆ ಕುಳಿತು ತೂಗುವುದು ನಮಗೆ ಸುಲಭ, ಅದೂ ಗೊತ್ತಿರಲಿ.

ಹೆಸರು ಹುಡುಕಿದ ಕೆಲಸ

ಯುದ್ಧ ಮುಗಿದ ಮೇಲೆ ಇದೇ ಇಲಾಖೆ ಇನ್ನೊಂದು ಕೆಲಸ ಮಾಡಿತು. ಹೊಲ, ಕಾಡು, ರಸ್ತೆಬದಿಯಲ್ಲಿ ಎಲ್ಲೆಂದರಲ್ಲಿ ಹೂತಿದ್ದ ಉತ್ತರದ ಸೈನಿಕರನ್ನು ಹುಡುಕಿ, ಐದಾರು ವರ್ಷಗಳಲ್ಲಿ ಸುಮಾರು 3 ಲಕ್ಷ ಜನರನ್ನು 70ಕ್ಕೂ ಹೆಚ್ಚು ರಾಷ್ಟ್ರೀಯ ಸ್ಮಶಾನಗಳಿಗೆ ತಂದು ಹೂಳಿತು. ಸಿಕ್ಕ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚುಹಾಕಿ ಕುಟುಂಬಗಳಿಗೆ ಗೊತ್ತಾಗುವಂತೆ ಮಾಡಿತು. ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯ ಹೆಸರು ಸಿಗಲಿಲ್ಲ. ಸಿಕ್ಕ ಪ್ರತಿ ಹೆಸರಿನ ಹಿಂದೆ ಒಬ್ಬ ತಾಯಿಗೆ ಮಗ ಎಲ್ಲಿದ್ದಾನೆ ಎಂಬ ಉತ್ತರ ಸಿಕ್ಕಿತು. ಮೆಗ್ಸ್ ಅವರಿಗೆ ಆ ಉತ್ತರದ ಬೆಲೆ ಗೊತ್ತಿತ್ತು.

1882ರಲ್ಲಿ ನಿವೃತ್ತರಾದ ಮೇಲೆ ಅವರು ವಾಷಿಂಗ್ಟನ್‌ನಲ್ಲಿ ಪಿಂಚಣಿ ಕಚೇರಿಯ ಕಟ್ಟಡ ಕಟ್ಟಿಸಿದರು. ಗಾಯಗೊಂಡ ಸೈನಿಕರಿಗೆ, ವಿಧವೆಯರಿಗೆ ಪಿಂಚಣಿ ಕೊಡುವ ಕಚೇರಿ. ಇಂದು ಅದು ಮ್ಯೂಸಿಯಂ. ಅದರ ಹೊರಗೋಡೆಯ ಸುತ್ತ 1,200 ಅಡಿ ಉದ್ದಕ್ಕೆ ನಡೆಯುತ್ತಿರುವ ಸೈನ್ಯದ ಸುಟ್ಟ ಮಣ್ಣಿನ ಉಬ್ಬುಶಿಲ್ಪವಿದೆ. ಅದರಲ್ಲಿ ಕಾಲಾಳು, ಕುದುರೆ ಸವಾರರ ಜೊತೆಗೆ ಸರಬರಾಜಿನ ಬಂಡಿಯೂ ಇದೆ. ಆ ಬಂಡಿ ಹೊಡೆಯುವವನು ಯುದ್ಧದಿಂದ ಬಿಡುಗಡೆ ಪಡೆದ ಕಪ್ಪು ಗುಲಾಮನೇ ಆಗಿರಬೇಕು ಎಂದು ಶಿಲ್ಪಿಗೆ ಮೆಗ್ಸ್ ಸ್ಪಷ್ಟವಾಗಿ ಹೇಳಿದ್ದರು. ನಿಜ ಜೀವನದಲ್ಲೂ ಸಾವಿರಾರು ಬಂಡಿಗಳನ್ನು ಹೊಡೆದವರು, ಹಡಗಿನಿಂದ ಮೂಟೆ ಇಳಿಸಿದವರು ಅವರೇ. ಬೇರೆ ಸ್ಮಾರಕಗಳಲ್ಲಿ ಸೇನಾಪತಿ ಕುದುರೆಯ ಮೇಲೆ ಕೂತಿರುತ್ತಾನೆ. ಇಲ್ಲಿ ಬಂಡಿಯವನಿಗೂ ಜಾಗ ಸಿಕ್ಕಿತು.

1892ರ ಜನವರಿ 2ರಂದು ಮೆಗ್ಸ್ ತೀರಿಕೊಂಡರು. ಅವರನ್ನು ಹೂತದ್ದು ಆರ್ಲಿಂಗ್ಟನ್‌ನಲ್ಲೇ, ಲೀ ಅವರ ಮನೆಗೆ ಹತ್ತಿರದಲ್ಲಿ. ಪಕ್ಕದಲ್ಲಿ ಮಗ ಜಾನ್‌ನ ಸಮಾಧಿ. ಅದರ ಮೇಲೆ ಕಂಚಿನಲ್ಲಿ, ಕುದುರೆ ಗೊರಸಿನ ಗುರುತುಗಳ ನಡುವೆ ಕೆಸರಿನಲ್ಲಿ ಬಿದ್ದ ಹುಡುಗನ ರೂಪ, ಸಿಕ್ಕಾಗ ಹೇಗಿದ್ದನೋ ಹಾಗೆ. ಗುಡ್ಡದ ಮೇಲಿನ ಆ ಮನೆ ಈಗ ಲೀ ಅವರ ಸ್ಮಾರಕ. ಇಬ್ಬರ ನೆನಪೂ ಒಂದೇ ಅಂಗಳದಲ್ಲಿದೆ.

ಈ ವಾರ ಮನೆಯಲ್ಲಿ ಊಟಕ್ಕೆ ಕುಳಿತಾಗ ಹಿರಿಯರೊಂದಿಗೆ ಈ ಕಥೆ ಮಾತಾಡಿ. ನಮ್ಮ ಊರಿನಲ್ಲಿ, ನಮ್ಮ ಮನೆಯಲ್ಲಿ ಬಂಡಿ ಹೊಡೆಯುತ್ತಿರುವವರು ಯಾರು, ಅವರಿಗೆ ನಾವು ಎಲ್ಲಿ ಜಾಗ ಕೊಟ್ಟಿದ್ದೇವೆ? ಇನ್ನೊಂದು ಪ್ರಶ್ನೆ ಸ್ವಲ್ಪ ಕಷ್ಟದ್ದು: ಮೆಗ್ಸ್ ಅವರ ಜಾಗದಲ್ಲಿ ನಾವಿದ್ದರೆ, ಆ ಗುಲಾಬಿ ತೋಟವನ್ನು ಬಿಡುತ್ತಿದ್ದೆವೇ?